ಕುದುರೆ ಇಳಿಯದ ಸೊಸೆ

‘ಮದುವೆಯಾಯ್ತು, ಮಗುವೂ ಆಯ್ತು, ಇನ್ನು ನನ್ನದೇನಿದೆ ಬಿಡಿ’ ಅಂತ ನಿಟ್ಟುಸಿರು ಬಿಡ್ತೀರಾ? ಹಾಗಾದ್ರೆ ಮೆರೆಡಿತ್ ಮೈಕೇಲ್ಸ್-ಬೇರ್‌ಬೌಮ್ ಕಥೆ ಕೇಳಿ.

ಹುಟ್ಟಿದ್ದು ಅಮೆರಿಕದಲ್ಲಿ. ಕುದುರೆ ಮೇಲೆ ಕೂತು ಅಡೆತಡೆ ಹಾರಿಸುವ ಷೋ ಜಂಪಿಂಗ್‌ನಲ್ಲಿ ಪಳಗಲು 1991ರಲ್ಲಿ ಜರ್ಮನಿಗೆ ಹೋದವರು ಅಲ್ಲೇ ಸೊಸೆಯಾದರು. ಗಂಡ ಮಾರ್ಕುಸ್ ಸವಾರ. ಭಾವ ಲುಡ್ಗರ್ ಅಂತೂ ಒಲಿಂಪಿಕ್ ಚಿನ್ನ ಗೆದ್ದವರು. ಅಂಥ ಮನೆಯಲ್ಲಿ ಚಪ್ಪಾಳೆ ತಟ್ಟುತ್ತಾ ಕೂತುಬಿಡೋದು ಸುಲಭವಿತ್ತು. (ನಾವಾಗಿದ್ರೆ ಬಹುಶಃ ತಟ್ಟುತ್ತಿದ್ದೆವು!)

ಈ ಆಟದಲ್ಲಿ ಹೆಂಗಸರಿಗೆ ಅಂತ ಬೇಲಿ ತಗ್ಗಿಸೋದಿಲ್ಲ, ಗಂಡಸರ ಜತೆಗೇ ಪೈಪೋಟಿ. 2004ರಲ್ಲಿ ಅವರನ್ನೆಲ್ಲ ಹಿಂದಿಕ್ಕಿ ವಿಶ್ವದ ನಂಬರ್ ಒನ್ ಆದ ಮೊದಲ ಮಹಿಳೆ ಈಕೆ. ಅದೂ ಎಂಥ ಕುದುರೆ! ಷಟರ್‌ಫ್ಲೈ ಮಹಾ ಪುಕ್ಕಲು, ಸಣ್ಣದಕ್ಕೂ ಬೆಚ್ಚುತ್ತಿತ್ತು. ಅದರ ಮೇಲೇ 2005, 2008, 2009ರ ವಿಶ್ವಕಪ್ ಗೆದ್ದರು.

‘ಕುದುರೆ, ಲಾಯ ಎಲ್ಲ ಮನೇಲೇ ಇತ್ತು, ಅವರಿಗೇನು’ ಅನ್ನಬೇಡಿ. ನಿಮ್ಮ ಅಟ್ಟದ ಮೇಲಿರೋ ವೀಣೆ ನಿಮ್ಮದೇ ತಾನೆ? ಧೂಳು ಒರೆಸೋಕೆ ಯಾರ ಅಪ್ಪಣೆ ಬೇಕು? ಗಂಡ ನಗಬಹುದು, ನಗಲಿ.

2010ರಲ್ಲಿ ಮೆರೆಡಿತ್‌ಗೆ ಮಗಳು ಹುಟ್ಟಿದಳು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತಂಡದ ಕಂಚು ಗೆದ್ದಾಗ ವಯಸ್ಸು 46. ಅದೇ ತಂಡದಲ್ಲಿ ಭಾವನೂ ಇದ್ದರು.