ಗದ್ದೆಯಿಲ್ಲದ ಪುತ್ತರಿ

ಸುಗ್ಗಿಯ ಹಬ್ಬ ಪುತ್ತರಿಯ ರಾತ್ರಿ, ಕೊಡಗಿನ ಕುಲದ ಮೂಲಮನೆಯಾದ ಐನ್‌ಮನೆಯೊಂದರ ಅಂಗಳದಲ್ಲಿ ನಿಂತವರಿಗೆ ಆ ನೋಟ ಮರೆಯುವುದಿಲ್ಲ. ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯ ದೀಪಕ್ಕೆ ಕೈಮುಗಿದು ಒಕ್ಕದವರೆಲ್ಲ, ಅಂದರೆ ಕುಲದವರೆಲ್ಲ, ಬೆಳದಿಂಗಳಲ್ಲಿ ಗದ್ದೆಗೆ ಇಳಿಯುತ್ತಾರೆ. ಕೋವಿಯಿಂದ ಗುಂಡು ಹಾರುತ್ತದೆ. ಹೊಸ ಕದಿರು ಮನೆಗೆ ಬರುತ್ತದೆ. ಊರೂರಿನ ಮಂದ್ ಎಂಬ ಬಯಲುಗಳಲ್ಲಿ ಇಂದಿಗೂ ಕೋಲಾಟ ನಡೆಯುತ್ತದೆ, ಕಕ್ಕಬೆಯ ಪಾಡಿ ಇಗ್ಗುತಪ್ಪ ದೇವರ ಸನ್ನಿಧಿಯಲ್ಲಿ ಇಂದಿಗೂ ಹಬ್ಬದ ಮುಹೂರ್ತ ಗೊತ್ತಾಗುತ್ತದೆ. ಕೊಡಗಿನ ಸಂಸ್ಕೃತಿ ಗಟ್ಟಿಯಾಗಿ ಉಳಿದಿದೆ ಎಂದು ನೋಡಬಂದವರು ಸಂತೋಷಪಟ್ಟು ಹೋಗುತ್ತಾರೆ. ಆದರೆ ಕದಿರು ಕೊಯ್ಯಲು ಸ್ವಂತ ಗದ್ದೆಯಲ್ಲಿ ಬೆಳೆಯಿಲ್ಲದೆ, ಪಕ್ಕದವರ ಗದ್ದೆಗೆ ಹೋಗಬೇಕಾದ ಒಕ್ಕಗಳು ಈಗ ಊರೂರಲ್ಲೂ ಇವೆ. ನಮ್ಮ ಆತಂಕವಿರುವುದು ಅಲ್ಲಿ.

ಕೊಡವರ ದೊಡ್ಡ ಹಬ್ಬಗಳಲ್ಲಿ ಎರಡು ಭತ್ತದ ಬೆನ್ನು ಹಿಡಿದೇ ಬಂದವು. ನಾಟಿ ಮುಗಿಸಿದ ಮೇಲೆ ಆಯುಧಗಳಿಗೆ ಪೂಜೆ ಸಲ್ಲಿಸುವ ಕೈಲ್‌ಪೊಳ್ದ್, ಕೊಯ್ಲಿಗೆ ಮುನ್ನ ಪುತ್ತರಿ. ಕೊಡವರ ವಂಶಪಾರಂಪರ್ಯದ ಜಮ್ಮಾ ಹಿಡುವಳಿಯಲ್ಲಿ ಗದ್ದೆಯೇ ಮುಖ್ಯ. ಸೊಪ್ಪು, ಸೌದೆ, ಮೇವಿಗೆಂದು ಬಾಣೆ ಎಂಬ ಕಾಡುನೆಲ ಅದಕ್ಕೆ ಅಂಟಿಕೊಂಡಿತ್ತು. ಕಾಫಿ ಬಂದು ಬಾಣೆ ಹೊನ್ನಾಯಿತು, ಗದ್ದೆ ಹೊರೆಯಾಯಿತು. ಇದಕ್ಕೆ ರೈತರನ್ನು ದೂರಿದರೆ ಅನ್ಯಾಯವಾದೀತು. ವರ್ಷಕ್ಕೆ ಒಂದೇ ಬೆಳೆ, ನಾಟಿಗೆ ಆಳು ಸಿಗುವುದಿಲ್ಲ, ತೆನೆ ತುಂಬುವ ಹೊತ್ತಿಗೆ ಆನೆ ಹಿಂಡು ಇಳಿಯುತ್ತದೆ. ರಾತ್ರಿಯಿಡೀ ಕಾವಲು ಕೂತು ಉಳಿಸಿಕೊಂಡ ಭತ್ತ ಖರ್ಚನ್ನೂ ಹುಟ್ಟಿಸದಿದ್ದರೆ ಯಾರು ತಾನೇ ಉತ್ತಾರು? ಹಿಂದೆ ಈ ಗದ್ದೆಗಳಲ್ಲಿ ಬೆನ್ನು ಬಗ್ಗಿಸಿ ದುಡಿದ ಯರವ ಬುಡಕಟ್ಟಿನವರಿಗಂತೂ ಗದ್ದೆಯ ಒಡೆತನ ದಕ್ಕಲೇ ಇಲ್ಲ. ಆ ಋಣದ ಲೆಕ್ಕ ಇನ್ನೂ ತೀರಿಲ್ಲ.

ಹೀಗೆ ಪಾಳುಬಿದ್ದ ಗದ್ದೆಯ ಮೇಲೆ ಮೊದಲು ಕಣ್ಣು ಹಾಕುವವರು ಭೂಮಿಯ ವ್ಯಾಪಾರಿಗಳು. ಮಣ್ಣು ತುಂಬಿ, ಭೂಪರಿವರ್ತನೆಯ ಕಾಗದ ಮಾಡಿಸಿ, ರೆಸಾರ್ಟು, ಹೋಂಸ್ಟೇ, ಬಡಾವಣೆ ಎಬ್ಬಿಸುತ್ತಾರೆ. ಆದರೆ ಬೆಟ್ಟಗಳ ನಡುವಿನ ಈ ತಗ್ಗು ಗದ್ದೆಗಳು ಮುಂಗಾರಿನ ನೀರನ್ನು ತಿಂಗಳುಗಟ್ಟಲೆ ನಿಲ್ಲಿಸಿ, ನಿಧಾನವಾಗಿ ನೆಲಕ್ಕೆ ಇಂಗಿಸಿ, ತೋಡುಗಳ ಮೂಲಕ ಕಾವೇರಿಗೆ ಬಿಡುತ್ತವೆ. ಮಂಡ್ಯದ ಕಬ್ಬಿಗೂ ಬೆಂಗಳೂರಿನ ನಲ್ಲಿಗೂ ಈ ಕೆಸರಿನ ಋಣವಿದೆ. ಗದ್ದೆ ಮುಚ್ಚಿದರೆ ಮಳೆಗಾಲದಲ್ಲಿ ನೀರು ನುಗ್ಗುತ್ತದೆ, ಬೇಸಿಗೆಯಲ್ಲಿ ತೋಡು ಒಣಗುತ್ತದೆ.

ನೆಲದ ರೂಪ ಕೆಡಿಸಿದರೆ ಏನಾಗುತ್ತದೆಂಬ ಎಚ್ಚರಿಕೆ ಸಿಕ್ಕಿಲ್ಲವೆಂದು ಹೇಳುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಮನೆ ತೋಟಗಳ ಸಮೇತ ಜಾರಿದವು. ಮರುವರ್ಷ ತೋರ ಗ್ರಾಮದಲ್ಲಿ ಗುಡ್ಡ ಕುಸಿದು ಮತ್ತೆ ಸಾವು. 2020ರಲ್ಲಿ ಕಾವೇರಿ ಹುಟ್ಟುವ ತಲಕಾವೇರಿಯಲ್ಲೇ ಬೆಟ್ಟ ಕುಸಿದು ಅರ್ಚಕರ ಮನೆ ಮಣ್ಣಾಯಿತು. ಅತಿವೃಷ್ಟಿಯ ಜೊತೆಗೆ, ಇಳಿಜಾರನ್ನು ಮನಸ್ಸಿಗೆ ಬಂದಂತೆ ಕಡಿದದ್ದರ ಕಡೆಗೂ ಭೂವಿಜ್ಞಾನಿಗಳು ಬೆರಳು ತೋರಿಸಿದರು. ಪ್ರತಿ ದುರಂತದ ಬಳಿಕ ಮಂತ್ರಿಗಳು ಬಂದರು, ಪರಿಹಾರ ಘೋಷಿಸಿದರು. ಮುಂದಿನ ಬೇಸಿಗೆಯಲ್ಲಿ ಜೆಸಿಬಿಗಳು ಮತ್ತೆ ಗುಡ್ಡ ಹತ್ತಿದವು.

ನೆಲ ಹೇಗೆ ಕರಗುತ್ತದೆಂಬುದಕ್ಕೆ, ದೇವರ ಹೆಸರಿನಲ್ಲಿ ಕಾಯ್ದ ದೇವರಕಾಡುಗಳ ಕಥೆ ಕಣ್ಣ ಮುಂದಿದೆ. 1905ರಲ್ಲಿ ಸುಮಾರು 15,500 ಎಕರೆಯಿದ್ದ ಅವು 1985ರ ಹೊತ್ತಿಗೆ 6,300 ಎಕರೆಯ ಆಸುಪಾಸಿಗೆ ಇಳಿದಿದ್ದವು. ಕೊಡಲಿ ಹಾಕಬಾರದೆಂಬ ದೈವದ ಕಟ್ಟಳೆಯಿದ್ದ ನೆಲಕ್ಕೇ ಈ ಗತಿಯಾದರೆ, ಅಂಥ ಕಟ್ಟಳೆಯಿಲ್ಲದ ಗದ್ದೆಯನ್ನು ಕಾಯುವವರು ಯಾರು?

ಸರ್ಕಾರ ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಭತ್ತ ಬೆಳೆದ ಪ್ರತಿ ಎಕರೆಗೂ, ಅದು ಹಿಡಿದಿಟ್ಟ ನೀರಿನ ಬೆಲೆಯನ್ನೂ ಸೇರಿಸಿ, ನೇರ ಹಣ ಕೊಡಬೇಕು. ಆ ಹಣದಲ್ಲಿ ಒಂದು ಪಾಲು ಕಾವೇರಿ ನೀರು ಕುಡಿಯುವ ಬೆಂಗಳೂರಿನಿಂದಲೇ ಬರಲಿ. ಅದು ದಾನವಲ್ಲ, ಬಾಕಿ. ಆನೆ ತುಳಿದ ಬೆಳೆಗೆ ಪರಿಹಾರ ಅದೇ ಹಂಗಾಮಿನಲ್ಲಿ ರೈತರ ಕೈಸೇರಬೇಕು. ಗದ್ದೆಯ ಭೂಪರಿವರ್ತನೆ ಇಂದೇ ನಿಲ್ಲಬೇಕು. ಈವರೆಗೆ ಪರಿವರ್ತನೆಯಾದ ಗದ್ದೆಗಳು ಯಾವುವು, ಯಾರ ಹೆಸರಿಗೆ, ಯಾವ ಉದ್ದೇಶಕ್ಕೆ ಎಂಬ ಪಟ್ಟಿಯನ್ನು ಜಿಲ್ಲಾಡಳಿತ ಗ್ರಾಮವಾರು ಪ್ರಕಟಿಸಬೇಕು. ಮುಂದಿನ ಪುತ್ತರಿಗೆ ಮುನ್ನ ಆ ಪಟ್ಟಿ ಕೊಡಗಿನ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲಿರಲಿ.