ಹಳದಿ ಚೀಲಕ್ಕೆ ಹಾಕಿದರೆ ಮುಗಿಯಿತೇ?

ದೊಡ್ಡ ಆಸ್ಪತ್ರೆಗಳ ವಾರ್ಡುಗಳಲ್ಲಿ ಈಗ ಗೋಡೆಗೊಂದು ಬಣ್ಣದ ಚಾರ್ಟು ಇರುತ್ತದೆ. ರಕ್ತ ಮೆತ್ತಿದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ; ಸಲೈನ್ ಟ್ಯೂಬು, ಗ್ಲೌಸು ಕೆಂಪಿಗೆ; ಸೂಜಿ, ಬ್ಲೇಡು ತೂತು ಬೀಳದ ಬಿಳಿ ಡಬ್ಬಿಗೆ; ಗಾಜು ನೀಲಿಗೆ. 2016ರ ನಿಯಮಗಳ ಈ ಪಾಠವನ್ನು ಕೇಳಿದರೆ ನರ್ಸುಗಳೂ ಡಾಕ್ಟರುಗಳೂ ಮಗ್ಗಿಯಂತೆ ಒಪ್ಪಿಸಬಲ್ಲರು. ಆದರೆ ಯಾವ ಬಣ್ಣ ಎಂದು ಗೊತ್ತಿರುವುದು ಬೇರೆ, ಏಕೆ ಎಂದು ಗೊತ್ತಿರುವುದು ಬೇರೆ.

ಅನುಮಾನ ಬಂದದ್ದನ್ನೆಲ್ಲ ಹಳದಿಗೆ ಹಾಕಿಬಿಟ್ಟರೆ ಕ್ಷೇಮ ಎಂಬ ನಂಬಿಕೆ ಇದೆ. ಹಳದಿ ಚೀಲ ಸಾಮಾನ್ಯವಾಗಿ ಹೋಗುವುದು ಸುಡುವ ಕುಲುಮೆಗೆ. ಅದರೊಳಗೆ ಪಿವಿಸಿ ಟ್ಯೂಬು ಸೇರಿದ್ದರೆ ಉರಿಯುವಾಗ ಡಯಾಕ್ಸಿನ್‌ನಂಥ ವಿಷ ಹುಟ್ಟುತ್ತದೆ. ಇಂಥ ಕುಲುಮೆಯ ಪಕ್ಕದಲ್ಲಿ ಬದುಕುವುದೆಂದರೇನು ಎಂದು ಮುಂಬೈಯ ಗೋವಂಡಿಯವರನ್ನು ಕೇಳಬೇಕು. ಕೆಂಪು ಚೀಲದ ಪ್ಲಾಸ್ಟಿಕ್ಕನ್ನು ಹಬೆಯಲ್ಲಿ ಶುದ್ಧಮಾಡಿ, ಚೂರುಚೂರು ಮಾಡಿ ಮರುಬಳಕೆಗೆ ಕಳಿಸುತ್ತಾರೆ. ಚೂರು ಮಾಡುವುದು ಸುಮ್ಮನೆ ಅಲ್ಲ; ಇಡಿಯಾಗಿ ಉಳಿದ ಸಿರಿಂಜು ಮತ್ತೆ ಯಾರದೋ ತೋಳಿಗೆ ಬರಬಹುದು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ ಹೆಪಟೈಟಿಸ್ ಬಿ ಹಬ್ಬಿತು, ಹತ್ತಾರು ಜನ ಸತ್ತರು.

ಇನ್ನು ಚೀಲ ಕಟ್ಟುವವರ ವಿಷಯ. ಅವಸರದಲ್ಲಿ ಡಾಕ್ಟರು ಟ್ರೇಯಲ್ಲೇ ಬಿಟ್ಟುಹೋದ ಸೂಜಿ ಡಾಕ್ಟರಿಗೆ ಚುಚ್ಚುವುದಿಲ್ಲ. ಬೆಳಿಗ್ಗೆ ವಾರ್ಡು ಗುಡಿಸುವ ಗುತ್ತಿಗೆಯ ಹೆಂಗಸಿಗೆ ಚುಚ್ಚುತ್ತದೆ. ಎಲ್ಲರೂ ಹೆದರುವುದು ಎಚ್‌ಐವಿಗೆ. ಸೋಂಕಿತ ಸೂಜಿ ಚುಚ್ಚಿದಾಗ ಅದು ತಗಲುವ ಸಾಧ್ಯತೆ ನೂರಕ್ಕೆ ಸುಮಾರು 0.3. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ನೂರಕ್ಕೆ 30ರವರೆಗೂ ಇದೆ. ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಈ ಲಸಿಕೆ ಕೊಡಿಸಬೇಕೆಂದು ನಿಯಮವೇ ಹೇಳುತ್ತದೆ. ಸಾಮಾನ್ಯವಾಗಿ ಮೂರು ಡೋಸು, ಮುಗಿಯಲು ಆರು ತಿಂಗಳು. ಅಷ್ಟರೊಳಗೆ ಗುತ್ತಿಗೆದಾರ ಬದಲಾದರೆ ಆಕೆ ಬೇರೆ ಆಸ್ಪತ್ರೆಯ ಬಾಗಿಲಲ್ಲಿರುತ್ತಾಳೆ, ಮೂರನೆಯ ಡೋಸು ಯಾರ ಲೆಕ್ಕದಲ್ಲೂ ಇರುವುದಿಲ್ಲ. ವರ್ಷಕ್ಕೊಮ್ಮೆಯ ತರಬೇತಿಯ ಕಥೆಯೂ ಇದೇ: ರಿಜಿಸ್ಟರಿನಲ್ಲಿ ಸಹಿ ಇದ್ದರೆ ತರಬೇತಿ ಆಯಿತು.

ಗುಡಿಸುವವರಿಗೆ ಬಣ್ಣ ಕಲಿಸಿದರೆ ಸಾಲದು. ಕಸ ಬೇರೆಯಾಗಬೇಕಾದದ್ದು ಅದು ಹುಟ್ಟಿದ ಜಾಗದಲ್ಲಿ, ಅದನ್ನು ಹುಟ್ಟಿಸಿದವರ ಕೈಯಲ್ಲಿ. ಸೂಜಿ ಹಿಡಿದವರೇ ಅದನ್ನು ಬಿಳಿ ಡಬ್ಬಿಗೆ ಹಾಕಲಿ, ಅವರು ಎಷ್ಟೇ ದೊಡ್ಡ ಸರ್ಜನ್ ಆಗಿರಲಿ. ಚೀಲಕ್ಕೆ ಬಾರ್‌ಕೋಡ್ ಅಂಟಿಸಬೇಕೆಂಬ ನಿಯಮ ಈಗಾಗಲೇ ಇದೆ. ಅದರ ಜೊತೆಗೆ ವಾರ್ಡಿನ ಹೆಸರನ್ನೂ ಬರೆಯುವುದು ಏನೇನೂ ಕಷ್ಟವಲ್ಲ. ಹಳದಿ ಚೀಲದಲ್ಲಿ ಸೂಜಿ ಸಿಕ್ಕ ದಿನ ಆ ವಾರ್ಡಿನ ಮುಖ್ಯಸ್ಥರಿಗೆ ನೋಟಿಸು ಹೋಗಲಿ, ಚೀಲ ಎತ್ತಿದವಳಿಗಲ್ಲ.