ನೀವಿದರೆ ಏನು ಕೆಡುಕಾದೀತು?

ನರಕ ಚತುರ್ದಶಿಯ ಮುಂಜಾನೆ ಅಮ್ಮ ಬೆಚ್ಚಗಿನ ಎಣ್ಣೆಯನ್ನು ನೆತ್ತಿಗೆ ತಟ್ಟಿ, ಬೆನ್ನು ಕಾಲುಗಳನ್ನು ನೀವುತ್ತಿದ್ದ ಸುಖವನ್ನು ನಮ್ಮ ಪೀಳಿಗೆಯವರು ಯಾರು ತಾನೇ ಮರೆತಾರು? ಆ ನೆನಪಿನಿಂದಲೋ ಏನೋ, ಕೈಯಿಂದ ನೀವುವುದೆಂದರೆ ಹಿತವೇ ಹೊರತು ಅಹಿತವಾಗಲಾರದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ನನ್ನಲ್ಲಿಯೂ ಬೇರೂರಿತ್ತು, ಕಳೆದ ವರ್ಷದವರೆಗೆ.

ಎಪ್ಪತ್ತನಾಲ್ಕು ವರ್ಷದ ನನ್ನ ಅಕ್ಕ ಮಗನ ಮನೆಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಊರಿಗೆ ಬಂದಿದ್ದಳು. ಮೂರನೆಯ ದಿನ ಎಡಗಾಲಿನ ಮೀನಖಂಡ ಊದಿಕೊಂಡಿತು. ಮನೆಯ ಹುಡುಗಿಯೊಬ್ಬಳು ಮೊಬೈಲಿನಲ್ಲಿ ‘ಲಿಂಫ್ಯಾಟಿಕ್ ಡ್ರೈನೇಜ್ ಮಸಾಜ್’ ಎಂಬುದನ್ನು ತೋರಿಸಿ, ಪೇಟೆಯ ಬ್ಯೂಟಿ ಪಾರ್ಲರಿನಲ್ಲಿಯೂ ಅದನ್ನು ಮಾಡುತ್ತಾರೆ, ನೀರು ಇಳಿದುಹೋಗುತ್ತದೆ ಎಂದಳು. ಅಕ್ಕ ನನ್ನ ಮುಖ ನೋಡಿದಳು. ಮೂವತ್ತೊಂದು ವರ್ಷ ವಿಜ್ಞಾನ ಬೋಧಿಸಿದ ನಾನು, “ಆಗಲಿ, ನೀವಿದರೆ ಏನು ಕೆಡುಕಾದೀತು?” ಎಂದುಬಿಟ್ಟೆ.

ಅಂದು ಸೆಪ್ಟೆಂಬರ್ 5. ಶಿಕ್ಷಕರ ದಿನದ ಶುಭಾಶಯ ಹೇಳಲು ಹಳೆಯ ವಿದ್ಯಾರ್ಥಿನಿಯೊಬ್ಬಳು ಕರೆ ಮಾಡಿದಳು. ಆಕೆ ಈಗ ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಮಾತಿನ ನಡುವೆ ಅಕ್ಕನ ಕಾಲಿನ ಸುದ್ದಿ ಬಂದೊಡನೆ ಅವಳ ದನಿ ಬದಲಾಯಿತು. “ಸರ್, ಒಂದೇ ಕಾಲೋ, ಎರಡೂ ಕಾಲೋ? ಮುಟ್ಟಿದರೆ ಬಿಸಿಯಿದೆಯೇ? ನೋವಿದೆಯೇ? ಉಸಿರಿಗೆ ಕಷ್ಟವಾಗುತ್ತಿದೆಯೇ?” ಒಂದೇ ಕಾಲು, ಬಿಸಿಯೂ ಇದೆ, ನೋವೂ ಇದೆ ಎಂದೆ. “ಹಾಗಿದ್ದರೆ ದಯವಿಟ್ಟು ಯಾರೂ ಕಾಲನ್ನು ನೀವಬಾರದು. ಈಗಲೇ ಆಸ್ಪತ್ರೆಗೆ ಹೊರಡಿ” ಎಂದಳು. ಸಂಜೆ ಡಾಪ್ಲರ್ ಸ್ಕ್ಯಾನಿನಲ್ಲಿ ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದು ಕಂಡಿತು. ನೀವಿದ್ದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಸಾಗಿ ಪ್ರಾಣಕ್ಕೇ ಎರವಾಗುವ ಸಾಧ್ಯತೆಯಿತ್ತು ಎಂದರು ವೈದ್ಯರು. ಔಷಧಿಯಿಂದ ಅಕ್ಕ ಗುಣವಾದಳು. ನನಗೆ ಮಾತ್ರ ಆ ರಾತ್ರಿ ನಿದ್ರೆ ಬರಲಿಲ್ಲ.

ರಕ್ತಪರಿಚಲನೆಯ ಪಾಠಕ್ಕೆ ನಾನು ಕೆಂಪು, ನೀಲಿ ಸೀಮೆಸುಣ್ಣದಿಂದ ಚಿತ್ರ ಬರೆಯುತ್ತಿದ್ದುದು ನಿಮಗೆ ನೆನಪಿರಬಹುದು. ಆದರೆ ದುಗ್ಧರಸಕ್ಕೆ ಐದು ನಿಮಿಷವನ್ನೂ ಕೊಡುತ್ತಿರಲಿಲ್ಲ. ಆ ಬಾಕಿಯನ್ನು ಈಗ ತೀರಿಸುತ್ತೇನೆ. ರಕ್ತದ ಲೋಮನಾಳಗಳಿಂದ ಹೊರಬಂದ ದ್ರವದಲ್ಲಿ ಉಳಿದುದನ್ನು ದುಗ್ಧನಾಳಗಳು ಸಂಗ್ರಹಿಸಿ, ಗ್ರಂಥಿಗಳಲ್ಲಿ ಸೋಸಿ, ಕುತ್ತಿಗೆಯ ಬುಡದಲ್ಲಿರುವ ಅಭಿಧಮನಿಗಳಿಗೆ ಮರಳಿಸುತ್ತವೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಾಗ ಕೆಲವರ ತೋಳು ಊದಿಕೊಳ್ಳುವುದು ಈ ದಾರಿ ಕಡಿದುಹೋಗುವುದರಿಂದ. ಅಂಥವರಿಗೆ 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೊಡ್ಡರ್ ದಂಪತಿಗಳು ರೂಪಿಸಿದ ಈ ವಿಧಾನ, ಬಿಗಿಪಟ್ಟಿ, ವ್ಯಾಯಾಮ ಮತ್ತು ಚರ್ಮದ ಆರೈಕೆಗಳೊಡನೆ ನೆರವಾಗುತ್ತದೆ. ಅದು ಎಣ್ಣೆಸ್ನಾನದ ತಿಕ್ಕುವಿಕೆಯಲ್ಲ. ಚರ್ಮವನ್ನು ಮಾತ್ರ ಮೆಲ್ಲನೆ ಸರಿಸುವ ಹಗುರ ಸ್ಪರ್ಶ. ಆದ್ದರಿಂದ ನಾನು ವಿಧಾನವನ್ನು ಹಳಿಯುತ್ತಿಲ್ಲ. ಊತ ಏತಕ್ಕೆ ಬಂದಿತೆಂದು ತಿಳಿಯುವ ಮುನ್ನವೇ ಕೈಯಿಡುವುದನ್ನು ವಿರೋಧಿಸುತ್ತೇನೆ.

ಏಕೆಂದರೆ ಸರಿಸಿದ ದ್ರವ ಮಾಯವಾಗುವುದಿಲ್ಲ. ಅದು ರಕ್ತವನ್ನು ಸೇರಿ ಹೃದಯಕ್ಕೆ ಬರುತ್ತದೆ. ಹೃದಯ ಸೋತು, ಸಂಜೆಯಾದರೆ ಎರಡೂ ಪಾದಗಳು ಊದಿ, ಮಲಗಿದರೆ ಏದುಸಿರು ಬರುವವರಿಗೆ ಅದು ಹೆಚ್ಚಿನ ಹೊರೆ. ಮೂತ್ರಪಿಂಡಗಳು ಕೆಟ್ಟವರಿಗೂ ಹಾಗೆಯೇ. ಚರ್ಮ ಕೆಂಪಾಗಿ, ಬಿಸಿಯಾಗಿ, ಜ್ವರವಿದ್ದರೆ ಅದು ಸೋಂಕು. ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು. ನಮ್ಮ ಕರಾವಳಿಯಲ್ಲಿಯೂ ಕಲಬುರಗಿ, ಬೀದರ್ ಕಡೆಯಲ್ಲಿಯೂ ಆನೆಕಾಲು ರೋಗದಿಂದ ನರಳಿದವರನ್ನು ಕಂಡಿದ್ದೇವೆ. ಅವರಿಗೆ ಜ್ವರ, ನೋವು ಮರುಕಳಿಸಿದ ದಿನಗಳಲ್ಲಿ ಕಾಲನ್ನು ಎತ್ತರದಲ್ಲಿಟ್ಟು ವಿಶ್ರಾಂತಿ ಕೊಡಬೇಕು, ವೈದ್ಯರಿಗೆ ತೋರಿಸಬೇಕು. ಆಗ ನೀವುವುದು ಸಲ್ಲದು.

ಇನ್ನು ಕೆಲವರ ವಿಷಯದಲ್ಲಿ ಎಚ್ಚರ ಬೇಕು. ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು ಮತ್ತು ಹೊಸದಾಗಿ ಗಂಟು ಕಂಡವರು ತಮ್ಮ ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಗರ್ಭಿಣಿಯರ ಹೊಟ್ಟೆ, ಶಸ್ತ್ರಚಿಕಿತ್ಸೆಯ ಹಸಿ ಗಾಯ, ಥೈರಾಯ್ಡ್ ತೊಂದರೆಯಿರುವವರ ಕುತ್ತಿಗೆ, ಇವುಗಳನ್ನು ಮುಟ್ಟದಿರುವುದೇ ಕ್ಷೇಮ. ವಯಸ್ಸಾದವರ ಕುತ್ತಿಗೆಯ ಪಕ್ಕವನ್ನು ಒತ್ತಿದರೆ ನಾಡಿಬಡಿತ ಇಳಿದು ತಲೆಸುತ್ತಿ ಬೀಳುವುದುಂಟು. ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ಪಾದ ಊದುತ್ತದೆ. ಅಲ್ಲಿ ಬೇಕಾದುದು ಮಾಲೀಸಲ್ಲ, ಮಾತ್ರೆ ಬರೆದುಕೊಟ್ಟವರ ಸಲಹೆ.

ಈಗ ಇದನ್ನು ‘ದೇಹದ ವಿಷ ತೆಗೆಯುವ’, ತೂಕ ಇಳಿಸುವ ಉಪಾಯವೆಂದು ಮಾರುತ್ತಿದ್ದಾರೆ. ಜಾಗ ಬದಲಿಸುವುದು ನೀರು, ಕೊಬ್ಬು ಕರಗುವುದಿಲ್ಲ. ಬೇಡದ ಖರ್ಚಾದರೆ ಹೋಗಲಿ ಎನ್ನಬಹುದು. ಆದರೆ ರೋಗದ ಇತಿಹಾಸವನ್ನು ಒಂದು ಮಾತೂ ವಿಚಾರಿಸದೆ ಎಲ್ಲರ ಮೇಲೂ ಕೈಯಿಡುವ ಪದ್ಧತಿ ನನಗೆ ಭಯ ಹುಟ್ಟಿಸುತ್ತದೆ. ತರಬೇತಿ ಪಡೆದವರನ್ನು ಗುರುತಿಸಲು ನನಗೆ ತಿಳಿದ ಸುಲಭದ ಲಕ್ಷಣವೊಂದಿದೆ: ಅವರು ಮುಟ್ಟುವ ಮುನ್ನ ಪ್ರಶ್ನೆ ಕೇಳುತ್ತಾರೆ, ಕೆಲವೊಮ್ಮೆ ‘ನಿಮಗೆ ಇದು ಬೇಡ’ ಎಂದು ಹಿಂದಕ್ಕೆ ಕಳಿಸುತ್ತಾರೆ.

ಪ್ರೀತಿಯ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮ ಮನೆಯ ಹಿರಿಯರ ಕಾಲು ಹಠಾತ್ತನೆ ಊದಿದರೆ, ಅದರಲ್ಲಿಯೂ ಒಂದೇ ಕಾಲು ಊದಿದರೆ, ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು ವೈದ್ಯರ ಬಳಿಗೆ ಕರೆದೊಯ್ಯಿರಿ. ಜೊತೆಗೆ ಉಸಿರಾಟದ ತೊಂದರೆಯೋ ಎದೆನೋವೋ ಇದ್ದರೆ ಒಂದು ಗಳಿಗೆಯನ್ನೂ ಕಳೆಯಬೇಡಿರಿ. ತರಗತಿಯಲ್ಲಿ ನಿಮಗೆ ಪ್ರಶ್ನೆ ಕೇಳಿರೆಂದು ಪ್ರತಿದಿನ ಹೇಳುತ್ತಿದ್ದವನು ನಾನು. ಕೇಳಬೇಕಾದ ದಿನ ನಾನೇ ಕೇಳಲಿಲ್ಲ. ನನ್ನ ಪರವಾಗಿ ಕೇಳಿದವಳು ನನ್ನ ವಿದ್ಯಾರ್ಥಿನಿ. ಅವಳಿಗೆ ನಮ್ಮ ಮನೆಯವರೆಲ್ಲರ ಆಶೀರ್ವಾದಗಳು.